ಮಡಿಲಗೌರಿಯು ರಾಣಿ ರತ್ನಪ್ರಭೆಗೆ ಒಲಿದ ಕಥೆ

ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿರಮ್ಮ, ಮಡಿಲಗೌರಿಯ ಮಹಿಮೆಯನ್ನು.

ಪೂರ್ವದಲ್ಲಿ ಕುಂದಣಪುರಿಯೆಂಬ ಪಟ್ಟಣವನ್ನು ಸತ್ಯಕೇತುವೆಂಬ ರಾಜನು ಆಳುತ್ತಿರಲಾಗಿ, ಅವನ ರಾಣಿ ರತ್ನಪ್ರಭೆಯು ಒಳ್ಳೆಯವಳೇ ಆದರೂ ಮನೆತನದ ಗರ್ವವುಳ್ಳವಳಾಗಿದ್ದಳು. ಅವಳಿಗೆ ಚಿನ್ಮಣಿಯೆಂಬ ಮಗಳು. ತಾಯಿಯ ಸೆರಗು ಹಿಡಿದು ಅರಮನೆಯೆಲ್ಲ ತಿರುಗುವ, ಅವಳ ಪಕ್ಕದಲ್ಲಿಯೇ ಮಲಗುವ ಮಾತಿನಮಲ್ಲಿ. ಹೀಗಿರಲು ರಾಣಿಗೆ ಗಂಡುಮಗು ಹುಟ್ಟಿ, ಪಟ್ಟಣದಲ್ಲೆಲ್ಲ ಸಕ್ಕರೆ ಹಂಚಿದರು. ಚಿನ್ಮಣಿಯ ಹಾಸಿಗೆ ದಾದಿಯ ಕೋಣೆಗೆ ಹೋಯಿತು.

ಆ ಮನೆಯ ಹೆಂಗಸರು ಶುಕ್ರವಾರದ ಸಂಜೆ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು, ಅವರ ಅಳಲು ಕೇಳಿ, ಗೌರಿಯನ್ನು ಪೂಜಿಸುವುದು ಹಿಂದಿನಿಂದ ನಡೆದು ಬಂದ ವ್ರತ. ರತ್ನಪ್ರಭೆಯು, ಕೂಸಿನ ಗೊಣಗಾಟ ಕೇಳುವುದೂ ಒಂದು ವ್ರತವೇ ಎಂದು ಅದನ್ನು ಬಿಟ್ಟಳು.

ಇತ್ತ ಚಿನ್ಮಣಿಯು ತೊಟ್ಟಿಲಿನ ಬಣ್ಣದ ಗಿಣಿಗಳನ್ನು ಕಿತ್ತೆಸೆದು, ದಾದಿಯ ಕೈ ಕಚ್ಚಿ, ನೆಲದ ಮೇಲೆ ಹೊರಳಾಡಿ ಅಳಲು, ರಾಣಿಯು "ಅರಸುಮಗಳು ಅಳಬಾರದು" ಎಂದು ಗದರಿ, ಅತ್ತಾಗಲೆಲ್ಲ ಉಗ್ರಾಣದಲ್ಲಿ ಕೂರಿಸಿ ಕದವಿಕ್ಕಿಸುತ್ತ ಬಂದಳು. ಬರಬರುತ್ತ ಮಗು ಅಳುವುದನ್ನು ಬಿಟ್ಟಿತು. ರಾಣಿ ಗೆದ್ದೆನೆಂದುಕೊಂಡಳು. ಆದರೆ ಅಳುವಿನ ಹಿಂದೆಯೇ ನಗುವೂ ಹೋಯಿತು, ಮಾತೂ ಹೋಯಿತು, ತುತ್ತು ಅನ್ನವೂ ಸೇರದಾಯಿತು. ವೈದ್ಯರು ಬಂದರು, ತಾಯತ ಕಟ್ಟುವವರು ಬಂದರು, ಯಾರಿಂದಲೂ ಏನೂ ಆಗಲಿಲ್ಲ.

ಒಂದು ದಿನ ರಾಣಿಯು ಬಾಗಿಲ ಮರೆಯಿಂದ ನೋಡುತ್ತಾಳೆ, ಮಗಳು ತನ್ನ ಮರದ ಗೊಂಬೆಯನ್ನು ಮೂಲೆಯ ಕತ್ತಲಿಗೆ ತಳ್ಳಿ ಪಿಸುಗುಟ್ಟುತ್ತಿದ್ದಾಳೆ: "ಅಳಬೇಡ. ಅತ್ತರೆ ಅಮ್ಮ ಬರಲ್ಲ."

ರಾಣಿಗೆ ಎದೆ ಒಡೆದಂತಾಗಿ, ಉದ್ಯಾನದ ಕೊಳದ ಮೆಟ್ಟಿಲಿನಲ್ಲಿ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅಳುತ್ತಿರಲು, ಕರುಣಾಳುವಾದ ಗೌರಿಯು ಮುಪ್ಪಿನ ಮುತ್ತೈದೆಯ ವೇಷದಲ್ಲಿ ಬಂದು, ಯಾರು ಏನು ಎಂದು ಕೇಳದೆ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅಳು ತಾನಾಗಿ ಇಳಿಯುವವರೆಗೂ ಬೆನ್ನು ಸವರಿದಳು.

"ಈಗ ಹೇಗಿದೆ, ಮಗಳೇ?"

"ಹಗುರಾಯಿತಮ್ಮ."

"ನಿನ್ನ ಕೂಸಿಗೂ ಇಷ್ಟೇ ಬೇಕಿತ್ತು ಕಣೇ. ಹೊಡೆಯಲು ಬಂದರೆ ಕೈ ಹಿಡಿ, ಸಿಟ್ಟನ್ನು ಬೈಯಬೇಡ. ಬಂದದ್ದು ಸಿಟ್ಟೋ, ಭಯವೋ, ಹೊಟ್ಟೆಕಿಚ್ಚೋ, ಅದಕ್ಕೊಂದು ಹೆಸರು ಹೇಳಿಕೊಡು. ಅಂಗೈಯಲ್ಲಿ ಸೇವಂತಿಗೆಯ ಎಸಳಿಟ್ಟು, ಅದು ಅಲುಗಬೇಕು, ಬೀಳಬಾರದು, ಹಾಗೆ ಮೆಲ್ಲಗೆ ಊದಿಸು. ಮನಸ್ಸು ತಣಿದ ಮೇಲೆ ಬುದ್ಧಿ ಹೇಳು. ಇದೇ ನನ್ನ ಪೂಜೆ" ಎಂದು ದೇವಿಯು ಅದೃಶ್ಯಳಾದಳು.

ರಾಣಿಯು ಆ ಶುಕ್ರವಾರವೇ ಮಿಂದು ಮಡಿಯುಟ್ಟು, ಕೋಸಂಬರಿ ಪಾನಕಗಳನ್ನು ನೈವೇದ್ಯಕ್ಕಿಟ್ಟು, ಮಗಳನ್ನು ಮಡಿಲಿಗೆ ಕರೆದಳು. ಮಗುವು ಪಾನಕದ ಬಟ್ಟಲನ್ನು ಒದ್ದು ಚೆಲ್ಲಿ, ತಾಯಿಯ ಎದೆಗೆ ಗುದ್ದತೊಡಗಿತು. ರಾಣಿಯ ಕೈ ಮೇಲಕ್ಕೆದ್ದಿತು. ದೇವಿಯ ಮಾತು ನೆನೆದು ಆ ಕೈಯನ್ನು ಇಳಿಸಿ, ಪುಟ್ಟ ಮುಷ್ಟಿಗಳನ್ನು ಹಿಡಿದುಕೊಂಡು, "ತಮ್ಮನ ಮೇಲೆ ಸಿಟ್ಟು ಬಂದಿದೆಯೇನೇ ಕಂದ?" ಎಂದಳು.

ಎಷ್ಟೋ ದಿನದ ಮೇಲೆ ಚಿನ್ಮಣಿ ತಾಯಿಯೆದುರು ಬಾಯಿಬಿಟ್ಟಳು. "ತಮ್ಮನ ಮೇಲಲ್ಲ. ನಿನ್ನ ಮೇಲೆ."

"ಬರಲಿ ತಾಯಿ, ಬರಲಿ. ನಾನು ಎದ್ದು ಹೋಗುವುದಿಲ್ಲ."

ಆಗ ಮಗು ದೊಡ್ಡದಾಗಿ ಅತ್ತಿತು. ರಾಣಿಯೂ ಅತ್ತಳು. ಇಬ್ಬರೂ ಎಸಳನ್ನು ಊದಿದರು, ಬಿದ್ದರೆ ಮತ್ತೆ ಇಟ್ಟುಕೊಂಡು ಊದಿದರು, ಊದುತ್ತ ಊದುತ್ತ ಮಗುವಿಗೆ ನಗು ಬಂದಿತು. "ಹಸಿವಾಗ್ತಿದೆ ಅಮ್ಮ" ಎಂದು ನೈವೇದ್ಯವಾಗುವುದಕ್ಕೆ ಮೊದಲೇ ಕೋಸಂಬರಿಗೆ ಕೈ ಹಾಕಿತು. ಗೌರಿಯು ಅದನ್ನೇ ನೈವೇದ್ಯವೆಂದು ಒಪ್ಪಿಕೊಂಡಳು.

ಅಂದಿನಿಂದ ಚಿನ್ಮಣಿಗೆ ಸಿಟ್ಟು ಬಾರದೇ ಇರಲಿಲ್ಲ, ಬಂದಾಗ ಓಡಿಬಂದು ಹೇಳುತ್ತಿದ್ದಳು. ಆ ವಂಶವು ಬೆಳಗಿತು.

ಈ ಕಥೆಯನ್ನು ಹೇಳಿದವರ ನಾಲಿಗೆ ಮೆತ್ತಗಾಗಲಿ, ಕೇಳಿದವರ ಮಡಿಲು ತುಂಬಿರಲಿ, ನಡುವೆಯೇ ತೂಕಡಿಸಿದ ಕಂದನಿಗೂ ಸಮಪಾಲು ಫಲ ಸಿಗಲಿ. ರತ್ನಪ್ರಭೆಗೆ ಒಲಿದ ಮಡಿಲಗೌರಿಯು ನಮಗೂ ನಿಮಗೂ ಒಲಿಯಲಿ.