ಅವ್ವನ ಹೊಟ್ಟೆ ಕಲ್ಲು, ಮರಿಸಾಮಿ ಬುದ್ಧಿ

ಹೂಂಗುಟ್ಟೋಕೆ ಒಬ್ಬರಾದ್ರೂ ಎಚ್ಚರವಾಗಿರಿ, ಇಲ್ದಿದ್ರೆ ನಾನು ಬಾಯೇ ಬಿಡಲ್ಲ.

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು ಹೆಂಗಸು. ಕಾಲುವೆ ಏರಿ ಪಕ್ಕದಲ್ಲಿ ಪುರಿ ಭಟ್ಟಿ ಇಟ್ಟಿದ್ಲು. ಬಾಣಲೇಲಿ ಮರಳು ಕಾಯಿಸಿ, ಅಕ್ಕಿ ಹಾಕಿ, ಚಟಪಟ ಅರಳಿದ ಪುರೀನ ಜರಡಿ ಹಿಡಿದು, ಮೂಟೆ ಕಟ್ಟಿ ಮಾರೋಳು. ಅವಳ ಪುರೀಲಿ ಒಂದು ಕಲ್ಲು ಸಿಕ್ತು ಅಂದೋರು ಊರಲ್ಲಿ ಇಲ್ಲ. ಮೊರದಲ್ಲಿ ಅಕ್ಕಿ ಹರಡಿ ಬೆರಳಾಡಿಸಿದ್ಲು ಅಂದ್ರೆ, ಕಣ್ಣು ಮುಚ್ಕೊಂಡೇ ಕಲ್ಲು ಆರಿಸಿ ಬಿಸಾಕೋಳು.

ಗಂಡ ಇಲ್ಲ. ಇದ್ದೋನು ಒಬ್ಬ ಮಗ, ಮರಿಸಾಮಿ. ಮೈಯಲ್ಲಿ ಎರಡಾಳು, ಬುದ್ಧೀಲಿ ಅರೆಪಾವು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅತ್ಲಾಗಿಲ್ಲ ಇತ್ಲಾಗಿಲ್ಲ. ಒಂದಿನ ಅವ್ವ, "ಹಾಲು ಉಕ್ತದೆ, ನೋಡ್ತಿರ್ಲಾ" ಅಂತ ಹೇಳಿ ನೀರಿಗೆ ಹೋದ್ಲು. ಬಂದು ನೋಡಿದ್ರೆ ಹಾಲೆಲ್ಲ ಒಲೆ ಪಾಲು.

"ನೋಡ್ತಿರು ಅಂದಿದ್ನಲ್ಲೋ."

"ನೋಡ್ದೆ ಕಣವ್ವ. ಚೆನ್ನಾಗಿ ಉಕ್ತು."

ಇಂಥಾ ಮಗನ್ನ ಕಟ್ಕೊಂಡು ಹೆಂಗೋ ದಿನ ತಳ್ತಿದ್ಲು. ಹಿಂಗಿರೋವಾಗ, ಒಂದು ಹಬ್ಬದ ದಿನ ಉದ್ದಿನ ವಡೆ ತಿಂದು ಎದ್ದೋಳಿಗೆ ಬಲಗಡೆ ಪಕ್ಕೆ ಕೆಳಗೆ ಹಿಡ್ಕೊಂತು ನೋವು. ಬೆನ್ನಿಗೆ ಹೊಡೀತು, ಭುಜಕ್ಕೆ ಹತ್ತಿತು. ವಾಂತಿ ಬೇರೆ. ಪೇಟೆ ಆಸ್ಪತ್ರೇಲಿ ಡಾಕ್ಟ್ರಮ್ಮ ಹೊಟ್ಟೆ ಮೇಲೆ ಅದೇನೋ ಉಜ್ಜಿ ಸ್ಕ್ಯಾನ್ ಮಾಡಿ ಹೇಳಿದ್ಲು:

"ಅಮ್ಮ, ಪಿತ್ತಕೋಶದಲ್ಲಿ ಕಲ್ಲಿದಾವೆ. ಹಿಂಗೆ ನೋವು ಕೊಡೋಕೆ ಶುರುಮಾಡಿದ್ಮೇಲೆ ಬಿಡೋ ಹಂಗಿಲ್ಲ. ಆಪರೇಷನ್ ಮಾಡಿ ಆ ಚೀಲಾನೇ ತೆಗೀಬೇಕು. ಸಣ್ಣ ತೂತು ಹಾಕ್ತೀವಿ ಅಷ್ಟೇ."

ಸಣ್ಣ ತೂತೋ ದೊಡ್ಡ ತೂತೋ, ದೊಡ್ಡತಾಯಮ್ಮನ ಎದೆ ಅಲ್ಲೇ ಧಸಕ್ಕಂತು. ಗಂಡನ್ನ ಇದೇ ಆಸ್ಪತ್ರೆಗೆ ನಡೆಸ್ಕೊಂಡು ಬಂದಿದ್ಲು, ಹೊರಿಸ್ಕೊಂಡು ಹೋಗಿದ್ಲು. ಈಗ ತನ್ನದೂ ಹಂಗೇ ಆದ್ರೆ? ಸಾಯೋಕೇನೋ ಅವಳಿಗೆ ಭಯ ಇರ್ಲಿಲ್ಲ. ಮಗನ್ನ ತಿರುಗಿ ನೋಡಿದ್ಲು. ಅವನು ಬಾಗಿಲ ಹತ್ರ "ಚಪ್ಪಲಿ ಬಿಡಿ" ಅಂತ ಯಾರೋ ಹೇಳಿದ್ರು ಅಂತ, ಬಿಟ್ಟ ಚಪ್ಪಲಿ ಮುಟ್ಟದೆ ಬರಿಗಾಲಲ್ಲೇ ಮನೆ ಕಡೆ ಹೊರಟಿದ್ದ. ಅಯ್ಯೋ ಶಿವನೇ, ನಾನು ಕಣ್ಣು ಮುಚ್ಚಿದ್ರೆ ಇವನ ಗತಿ ಏನು ಅಂದ್ಕೊಂಡ್ಲು. "ಮನೇಲಿ ಯೋಚ್ನೆ ಮಾಡಿ ಬತ್ತೀನಿ ತಾಯಿ" ಅಂದು, ಡಾಕ್ಟ್ರಮ್ಮ ಕೊಟ್ಟ ನೋವಿನ ಮಾತ್ರೆ ಸೆರಗಿಗೆ ಕಟ್ಕೊಂಡು ವಾಪಸ್ ಬಂದುಬಿಟ್ಲು.

ಪಕ್ಕದ ಮನೆ ನಿಂಗಾಜಮ್ಮ ಕಾದು ಕೂತಿದ್ಲು. ಊರ ಉಸಾಬರಿ ಎಲ್ಲ ಅವಳದೇ. "ಕಲ್ಲಿಗೆಲ್ಲ ಯಾರಾದ್ರೂ ಹೊಟ್ಟೆ ಕುಯ್ಸ್ಕೊಂತಾರಾ? ಹುರುಳಿ ಕಷಾಯ ಕುಡಿ, ಕರಗೋಯ್ತದೆ. ನಮ್ಮ ಭಾವನಿಗೆ ಕರಗ್ಲಿಲ್ವಾ?" ಅಂದ್ಲು. ಭಾವನಿಗಿದ್ದದ್ದು ಮೂತ್ರದ ಕಲ್ಲು, ಅದರ ದಾರಿಯೇ ಬೇರೆ, ಇದರ ದಾರಿಯೇ ಬೇರೆ. ಅದು ನಿಂಗಾಜಮ್ಮನಿಗೆ ಗೊತ್ತಿಲ್ಲ, ದೊಡ್ಡತಾಯಮ್ಮನಿಗೆ ಗೊತ್ತಾಗೋದು ಬೇಕಿರ್ಲಿಲ್ಲ.

"ಮರಿಸಾಮಿ, ಹುರುಳಿಗೆ ಮೂರು ಲೋಟ ನೀರು ಹಾಕಿ ಒಲೆ ಮೇಲಿಡು. ಮೂರು ಲೋಟ ಒಂದು ಲೋಟ ಆಗ್ಬೇಕು, ಆಮೇಲೆ ತಾ."

ಅಂದಿದ್ದಷ್ಟೇ, ಎಲೆಯಡಿಕೆ ಹಾಕೋವಷ್ಟರಲ್ಲಿ ತಂದೇಬಿಟ್ಟ. ಒಂದು ಗುಟುಕು ಕುಡಿದ್ಲು. ತಣ್ಣಗಿನ ಬರೀ ನೀರು.

"ಇಷ್ಟು ಬೇಗ ಹೆಂಗ್ಲಾ ಮೂರು ಒಂದಾಯ್ತು?"

"ಎರಡು ಲೋಟ ಚೆಲ್ಬುಟ್ಟೆ ಕಣವ್ವ. ಉಳಿದದ್ದು ಒಂದು."

ದೊಡ್ಡತಾಯಮ್ಮ ಹಣೆ ಹಣೆ ಚಚ್ಕೊಂಡ್ಲು. "ಚೆಲ್ಲೋದಲ್ಲ ಕಣೋ ನನ್ನಪ್ಪ. ಔಷಧಿ ಅಂದ್ರೆ ಒಲೆ ಮೇಲಿಟ್ಟು, ಕುದ್ದು ಕುದ್ದು ಇಂಗಬೇಕು. ಇಂಗೋವರ್ಗೂ ಒಲೆ ಮುಂದ್ಲಿಂದ ಏಳ್ಬಾರ್ದು. ತಿಳೀತಾ?"

"ತಿಳೀತು ಕಣವ್ವ."

ಆಮೇಲೆ ತಾನೇ ಕೂತು ಕಾಯಿಸ್ಕೊಂಡು ಕುಡಿದ್ಲು. ದಿನಾ ಕುಡಿದ್ಲು. ಕಲ್ಲು ಕರಗ್ಲಿಲ್ಲ, ಹೊಟ್ಟೆ ಉಬ್ಬರಿಸ್ತು. ಒಂದು ಸಂಜೆ ಭಟ್ಟಿ ಮುಂದೆ ಕೂತಿದ್ದೋಳಿಗೆ ಮತ್ತೆ ಬಂತು ನೋವು. ಮೈಯೆಲ್ಲ ಬೆವರು. ಗೋಡೆಗೊರಗಿ, "ಮಗಾ, ಗೂಡಲ್ಲಿ ಆ ನೋವಿನ ಮಾತ್ರೆ ಐತೆ, ನೀರು ಮಾತ್ರೆ ಬೇಗ ತಾ" ಅಂದ್ಲು.

ಹೋದೋನು ಬರ್ಲಿಲ್ಲ. ಕೂಗಿದ್ಲು, "ಬಂದೆ ಕಣವ್ವ" ಅಂದ. ಹಲ್ಲು ಕಚ್ಕೊಂಡು ಕಾದ್ಲು. ಇನ್ನೂ ಬರ್ಲಿಲ್ಲ. ಇವನೆಲ್ಲಿ ಹಾಳಾಗಿ ಹೋದ ಅಂತ ಗೋಡೆ ಹಿಡ್ಕೊಂಡು ಎದ್ದು ಹೋಗಿ ನೋಡಿದ್ರೆ, ಒಲೆ ಮುಂದೆ ಚಕ್ಕಂಬಟ್ಲೆ ಹಾಕಿ ಕೂತವ್ನೆ. ಒಲೆ ಮೇಲೆ ಪಾತ್ರೆ. ಪಾತ್ರೆ ತಳದಲ್ಲಿ ಬೆಳ್ಳಗೆ ಒಣಗಿ ಅಂಟಿರೋ ಮಾತ್ರೆ.

"ಪೂರಾ ಇಂಗ್ತು ಕಣವ್ವ. ಏಳ್ಲೇ ಇಲ್ಲ ನಾನು."

"ಅಯ್ಯೋ ಮುಂಡೇದೆ. ಮಾತ್ರೆನೂ ಕುದಿಸ್ತಾರೇನ್ಲಾ? ಸಾಯ್ತಾ ಬಿದ್ದಿದ್ದೀನಿ ಅಲ್ಲಿ." ಬೈಯೋಕೂ ಉಸಿರಿರ್ಲಿಲ್ಲ. "ಇನ್ಮೇಲೆ ನಿನ್ನ ಒಲೆನೂ ಬೇಡ, ನಿನ್ನ ಬುದ್ಧಿನೂ ಬೇಡ. ನಾನೇನು ತಾ ಅಂತೀನೋ ಅದನ್ನ ಆರಿಸಿ ತಂದು ನನ್ನ ಕೈಲಿಡು. ಅಷ್ಟೇ ನಿನ್ನ ಕೆಲಸ."

"ಅಷ್ಟೇ ಕಣವ್ವ."

ನೋವು ತಾನಾಗೇ ಇಳೀತು. ಆದ್ರೆ ಹೆದರಿಕೆ ಇಳೀಲಿಲ್ಲ. ರೊಟ್ಟಿ ತಟ್ಟೋವಾಗ, ಪುರಿ ಹುರಿಯೋವಾಗ, ಈಗ ಬತ್ತದಾ, ಇನ್ನು ಸ್ವಲ್ಪ ಹೊತ್ತಿಗೆ ಬತ್ತದಾ ಅಂತ ಒಂದು ಕೈ ಪಕ್ಕೆ ಮೇಲೇ ಇರೋದು. ನಿಂಗಾಜಮ್ಮ ಮತ್ತೆ ಬಂದ್ಲು. "ಕರಗ್ದಿದ್ರೆ ಜಾರಿಸ್ಬೇಕು ಕಣೆ. ಹರಳೆಣ್ಣೆಗೆ ನಿಂಬೆರಸ ಹಾಕಿ ಒಂದೇ ಏಟಿಗೆ ಕುಡಿ. ಎಣ್ಣೆ ಹಚ್ಚಿದ ಕೀಲು ಜಾರಿದಂಗೆ ಕಲ್ಲೆಲ್ಲ ಕೆಳಗೆ ಬೀಳ್ತಾವೆ."

ಕುಡಿದ್ಲು. ಬೆಳಕು ಹರಿಯೋ ಹೊತ್ತಿಗೆ ಹಿತ್ಲಿಗೂ ಮನೆಗೂ ಓಡಾಡಿ ಓಡಾಡಿ ಪ್ರಾಣ ಹೈರಾಣಾಯ್ತು. ಚಾಪೆ ಮೇಲೆ ಬಿದ್ಕೊಂಡು ಮಗನಿಗೆ ಹೇಳಿದ್ಲು, "ನಾನು ಹೋಗಿಬಂದ ಕಡೆ ಕಲ್ಲು ಬಿದ್ದಿದ್ದಾವಾ ನೋಡಿ ಆರಿಸಿ ತಾರ್ಲಾ."

ಮರಿಸಾಮಿ ಪಂಚೆ ಎತ್ತಿಕಟ್ಟಿ ಹೋದ. ಬಂದ. ಅವ್ವನ ಎರಡು ಕೈ ಜೋಡಿಸಿ ಸುರಿದ. ಕಡ್ಲೆಕಾಳಿನಷ್ಟವು, ಹುಣಸೆಬೀಜದಷ್ಟವು, ಬೊಗಸೆ ತುಂಬ ಕಲ್ಲು.

ಮೊರದ ಅಕ್ಕೀಲಿ ಕಣ್ಣು ಮುಚ್ಕೊಂಡು ಕಲ್ಲು ಹಿಡಿಯೋ ಆ ಬೆರಳುಗಳು ಅವತ್ತು ಏನನ್ನೂ ಕಂಡುಹಿಡೀಲಿಲ್ಲ ನೋಡ್ರಪ್ಪ. ಅವಳಿಗೆ ಅವು ಹೊಟ್ಟೆ ಕಲ್ಲೇ ಆಗಿರ್ಬೇಕಿತ್ತು. ಗಳಗಳ ಅತ್ಲು. "ಬಿದ್ವಾ ಮಗಾ? ಎಲ್ಲಾ ಬಿದ್ವಾ? ಇನ್ನು ನಿನ್ನ ಬಿಟ್ಟು ಎಲ್ಲೂ ಹೋಗಲ್ಲ ಕಣೋ." ಕಲ್ಲನ್ನ ಬಟ್ಟೇಲಿ ಕಟ್ಕೊಂಡು, ಮಗನ್ನ ಕರ್ಕೊಂಡು, ಬಸ್ಸು ಹತ್ತಿ, ಡಾಕ್ಟ್ರಮ್ಮನ ಮೇಜಿನ ಮೇಲೆ ಸುರಿದ್ಲು.

ಡಾಕ್ಟ್ರಮ್ಮ ಒಂದು ಕಲ್ಲೆತ್ತಿ ಬೆರಳಲ್ಲಿ ತಿರುಗಿಸಿದ್ಲು.

"ಅಮ್ಮ, ಇದು ಜಲ್ಲಿ. ಇದಕ್ಕೆ ಸಿಮೆಂಟು ಬೇರೆ ಅಂಟಿದೆ."

ಹಿತ್ಲ ದಾರೀಲಿ ಮೇಷ್ಟ್ರು ಮನೆ ಕಟ್ಟಿಸ್ತಾ ಇದ್ರು. ಜಲ್ಲಿ ಗುಡ್ಡೆ ಪಕ್ಕದಲ್ಲೇ ದೊಡ್ಡತಾಯಮ್ಮ ಓಡಾಡಿದ್ದು. ಅವಳು ಹೋಗಿಬಂದ ಕಡೆ ಇದ್ದ ಕಲ್ಲೆಲ್ಲ ಮರಿಸಾಮಿ ಆರಿಸಿದ್ದ. ಒಂದೂ ಬಿಟ್ಟಿರ್ಲಿಲ್ಲ.

ಡಾಕ್ಟ್ರಮ್ಮ ನಗಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದ್ಲು. ಕಲ್ಲು ಇದ್ದಲ್ಲೇ ಇದ್ವು. "ಹುರುಳಿ ನೀರು ಕುಡಿದ್ರೆ ಇವು ಕರಗಲ್ಲಮ್ಮ. ಎಣ್ಣೆ ಕುಡಿಯೋದು ಇನ್ನೂ ಅಪಾಯ. ಕಲ್ಲು ಜಾರಿ ಪಿತ್ತದ ನಾಳಕ್ಕೆ ಸಿಕ್ಕೊಂಡ್ರೆ ಜೀವಕ್ಕೇ ಬತ್ತದೆ. ಇವತ್ತೇ ಸೇರ್ಕೊಳ್ಳಿ." "ಈ ಸಂತೆ ಮುಗೀಲಿ ತಾಯಿ, ಆಮೇಲೆ ಬತ್ತೀನಿ" ಅಂದು ದೊಡ್ಡತಾಯಮ್ಮ ಜಲ್ಲೀನ ಮತ್ತೆ ಬಟ್ಟೇಲಿ ಕಟ್ಕೊಂಡ್ಲು. ಆಗ ಡಾಕ್ಟ್ರಮ್ಮ ಮರಿಸಾಮಿ ಕಡೆ ತಿರುಗಿದ್ಲು. "ನೋಡಪ್ಪ, ನೋವಿನ ಜೊತೆ ಚಳಿಜ್ವರ ಬಂತು, ಕಣ್ಣು ಹಳದಿ ಆಯ್ತು ಅಂದ್ರೆ, ನಿಮ್ಮವ್ವ ಏನೇ ಹೇಳ್ಲಿ, ಇಲ್ಲಿಗೆ ಕರ್ಕೊಂಡು ಬಾ. ಎಲ್ಲೂ ನಿಲ್ಬೇಡ. ಗೊತ್ತಾಯ್ತಾ?"

"ಎಲ್ಲೂ ನಿಲ್ಲಲ್ಲ ಡಾಕ್ಟ್ರವ್ವ."

ದಾರಿಯುದ್ದಕ್ಕೂ ದೊಡ್ಡತಾಯಮ್ಮ ಅವಮಾನಕ್ಕೆ, ಹೊಟ್ಟೇಲಿದ್ದ ಭಯಕ್ಕೆ, ಎರಡಕ್ಕೂ ಸೇರಿಸಿ ಮಗನ್ನ ಬೈದ್ಲು. "ಕಂಡೋರ ಜಲ್ಲಿ ತಂದು ನನ್ನ ಕೈಗೆ ಸುರಿದ್ಯಲ್ಲೋ. ಎಲ್ಲಿಂದ ತಗೊಂಡ್ಯೋ ಅಲ್ಲೇ ವಾಪಸ್ ಇಟ್ಟು ಬಾ. ಇದೊಂದೇ ಅಲ್ಲ, ಯಾವತ್ತೂ ಅಷ್ಟೇ. ತಗೊಂಡ ಸಾಮಾನು ತಗೊಂಡ ಜಾಗಕ್ಕೇ ಹೋಗ್ಬೇಕು. ನಮ್ಮ ಮನೆ ಮರ್ಯಾದೆ ಅದು."

"ತಗೊಂಡ ಜಾಗಕ್ಕೇ ಕಣವ್ವ" ಅಂದ. ಹೋಗಿ ಒಂದೊಂದೇ ಕಲ್ಲು ಗುಡ್ಡೆ ಮೇಲಿಟ್ಟು ಬಂದ.

ಆಮೇಲೆ ಬಂತು ನೋಡಿ ಆ ದಿನ. ಸಂತೆಗೆ ಪುರಿ ಮೂಟೆ ಹೇರಿ ತಳ್ಳುಗಾಡಿ ಸಿದ್ಧ ಮಾಡಿದ್ರು. ದೊಡ್ಡತಾಯಮ್ಮ ಬಾಗಿಲಲ್ಲೇ ಕುಸಿದ್ಲು. ನೋವು ಅಂದ್ರೆ ನೋವು. ಹಲ್ಲು ಕಟಕಟ ಅನ್ನೋ ಚಳಿ. ಮುಟ್ಟಿದ್ರೆ ಮೈ ಸುಡ್ತಾ ಇತ್ತು. ಮರಿಸಾಮಿ ಬಗ್ಗಿ ಅವ್ವನ ರೆಪ್ಪೆ ಎತ್ತಿ ನೋಡಿದ. ಅರಿಶಿಣ.

"ಹೋಗಾನ ನಡಿಯವ್ವ."

"ಇವತ್ತು ಸಂತೆ ಕಣೋ. ನಾಳೆ ಹೋಗಾನ."

"ನೀನು ಏನೇ ಹೇಳಿದ್ರೂ ಕರ್ಕೊಂಡು ಬಾ ಅಂದವ್ರೆ ಡಾಕ್ಟ್ರವ್ವ" ಅಂದೋನೇ, ಅವ್ವನ್ನ ಎತ್ತಿ ಪುರಿ ಮೂಟೆ ಮೇಲೆ ಮಲಗಿಸಿ, ಗಾಡಿ ತಳ್ಕೊಂಡು ಓಡಿದ. ನಿಂಗಾಜಮ್ಮ "ನಿಲ್ಲೋ, ಕಷಾಯ ಕುಡಿಸಾನ" ಅಂದ್ಲು. ನಿಲ್ಲಲಿಲ್ಲ. ಬಸ್ಸಿನ ಕಂಡಕ್ಟರು "ನಿಲ್ಲೋ, ಹತ್ತಿಸ್ಕೊಂತೀನಿ" ಅಂದ. ನಿಲ್ಲಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಅವನ ಪುಣ್ಯ, ಹತ್ರ ಬರೋವಷ್ಟರಲ್ಲಿ ಎತ್ತಿದ್ರು. ಮೂಟೆ ಹರಿದು ಪುರಿ ದಾರಿಯುದ್ದಕ್ಕೂ ಚೆಲ್ತಾ ಬಂತು. ಮೂಟೆ ಮೇಲೆ ದೊಡ್ಡತಾಯಮ್ಮ ಕಂಡ ದೇವರಿಗೆಲ್ಲ ಹರಕೆ ಹೊರ್ತಾ ಬಂದ್ಲು. ನನಗಲ್ಲ, ಇವನಿಗೋಸ್ಕರ ಉಳಿಸಪ್ಪ ಅಂತ.

ಆಸ್ಪತ್ರೆ ಬಂತು. ಮರಿಸಾಮಿ ಗೇಟೊಳಗೆ ನುಗ್ಗಿದ. ಬಾಗಿಲ ಮುಂದೆ ಬಂದ. ಬಾಗಿಲು ದಾಟಿ ಮುಂದಕ್ಕೆ ಹೋದ. ಆಸ್ಪತ್ರೆ ಸುತ್ತ ಒಂದು ಸುತ್ತು ಹಾಕಿ ಮತ್ತೆ ಬಾಗಿಲ ಮುಂದೆ ಬಂದ. ಮತ್ತೆ ದಾಟಿದ.

"ಬಂತಲ್ಲೋ, ನಿಲ್ಲೋ" ಅಂತ ನರಳಿದ್ಲು ಅವ್ವ.

"ಎಲ್ಲೂ ನಿಲ್ಬೇಡ ಅಂದವ್ರೆ ಕಣವ್ವ" ಅಂತ ಅಳ್ತಾ ಅಳ್ತಾ ಓಡ್ತಿದ್ದ. ಕಾಲಲ್ಲಿ ರಕ್ತ, ಮೈಯೆಲ್ಲ ಬೆವರು, ಆದ್ರೂ ನಿಲ್ಲಲ್ಲ. ವಾಚ್‌ಮನ್ನು ಹಿಂದೆ ಓಡಿದ, ನರ್ಸಮ್ಮ ಓಡಿದ್ಲು. ಕೊನೆಗೆ ಡಾಕ್ಟ್ರಮ್ಮನೇ ಹೊರಗೆ ಬಂದು ಗಾಡಿಗೆ ಅಡ್ಡ ನಿಂತ್ಲು. "ನಾನೇ ಹೇಳ್ತಿದ್ದೀನಿ, ಈಗ ನಿಲ್ಲು." ಆಗ ನಿಂತ. ಡಾಕ್ಟ್ರಮ್ಮ ಅವ್ವನ ಕಣ್ಣು ನೋಡಿ, "ನಾಳೆ ಅಂದಿದ್ರೆ ನಾಳೆ ಇರ್ತಿರ್ಲಿಲ್ಲ" ಅಂದ್ಲು.

ಮೊದಲು ಬಾಯಿಂದ ಕೊಳವೆ ಇಳಿಸಿ ನಾಳಕ್ಕೆ ಸಿಕ್ಕಿದ್ದ ಕಲ್ಲು ತೆಗೆದ್ರು. ಜ್ವರ ಬಿಟ್ಟ ಮೇಲೆ ಆಪರೇಷನ್ನಿಗೆ ಕರೆದ್ರು. ಗಾಲಿ ಮಂಚದ ಮೇಲೆ ಮಲಗಿ ದೊಡ್ಡತಾಯಮ್ಮ ಮಗನ ಕೈ ಹಿಡಿದ್ಲು. ಆ ಕೈ ಬಿಡೋಕೇ ಆಗ್ಲಿಲ್ಲ ಅವಳಿಗೆ.

"ಮಗಾ, ನಾನು ವಾಪಸ್ ಬರ್ದಿದ್ರೆ ಏನ್ಮಾಡ್ತೀಯೋ?"

"ನೀನು ಹೇಳ್ದಂಗೆ ಮಾಡ್ತೀನಿ ಕಣವ್ವ."

"ಹೇಳೋಕೆ ನಾನೇ ಇಲ್ದಿದ್ರೆ?"

ಮರಿಸಾಮಿ ಮಂಚ ಹಿಡ್ಕೊಂಡು ಬಾಗಿಲವರೆಗೂ ಬಂದ. ಹುಟ್ಟಿದಾಗಿಂದ ಅವ್ವನ ಮಾತಿಗೆ ಉತ್ತರ ಇಲ್ದೆ ನಿಂತದ್ದು ಅದೇ ಮೊದಲು. ಮಂಚ ಒಳಕ್ಕೆ ಹೋಯ್ತು, ಬಾಗಿಲು ಮುಚ್ಕೊಂತು.

ಆ ಹೊತ್ತು ಹೆಂಗೆ ಕಳೀತೋ ಅವನಿಗೇ ಗೊತ್ತು. ಬಾಗಿಲು ತೆಗೆದು ಡಾಕ್ಟ್ರಮ್ಮ ಬಂದು, ಒಂದು ಪುಟ್ಟ ಡಬ್ಬಿ ಅವನ ಕೈಲಿಟ್ಲು. ಒಳಗೆ ಕಂದು ಬಣ್ಣದ ಕಲ್ಲು, ಜೋಳದ ಕಾಳಿನಂಥವು. "ನಿಮ್ಮವ್ವ ಚೆನ್ನಾಗವ್ರೆ. ಇವೇ ನೋಡಪ್ಪ, ಅವರ ಹೊಟ್ಟೇಲಿದ್ದದ್ದು. ತೆಗೆದುಬಿಟ್ವಿ."

ಡಾಕ್ಟ್ರಮ್ಮ ಅತ್ತ ಹೋದ್ಲು. ಮರಿಸಾಮಿ ಡಬ್ಬಿ ನೋಡ್ತಾ ಕೂತ. ಅವ್ವನ ಹೊಟ್ಟೇಲಿದ್ದದ್ದು. ಅಲ್ಲಿಂದ ತಗೊಂಡವ್ರೆ. ಅಂದ್ಮೇಲೆ ಎಲ್ಲಿಗೆ ಹೋಗ್ಬೇಕು? ಯೋಚನೆ ಮಾಡಿದ, ಮಾಡಿದ. ಅವ್ವನಿಗೆ ಎಚ್ಚರ ಆಗ್ಲಿ ಅಂತ ಸುಮ್ನಾದ.

ಮಾರನೆ ದಿನ ನರ್ಸಮ್ಮ, "ಇನ್ನು ಗಂಜಿ ಕುಡಿಸ್ಬಹುದು" ಅಂದ್ಲು. ಮರಿಸಾಮಿ ತಾನೇ ಹೋಗಿ ಬಟ್ಲಲ್ಲಿ ಗಂಜಿ ತಂದ, ಅವ್ವನ ತಲೆ ಎತ್ತಿ ಹಿಡಿದ. ದೊಡ್ಡತಾಯಮ್ಮನಿಗೆ ಹೊಟ್ಟೇಲಿ ನೋವಿಲ್ಲ, ಹೊಲಿಗೆ ಹಾಕಿದ ಜಾಗ ಚುರುಚುರು ಅನ್ನೋದು ಬಿಟ್ರೆ ಏನೂ ಇಲ್ಲ. ಬದುಕಿದೆ, ಮಗ ಕಣ್ಣ ಮುಂದೆ ಅವ್ನೆ, ಇನ್ನೇನು ಬೇಕು ಅಂದ್ಕೊಂಡು ಒಂದು ಗುಟುಕು ಕುಡಿದ್ಲು. ಇನ್ನೊಂದು ಗುಟುಕು.

ಕಟಕ್.

ಹಲ್ಲಿಗೆ ಸಿಕ್ತು. ಬೆರಳಿಟ್ಟು ತೆಗೆದ್ಲು. "ಥೂ. ಯಾವಳು ಗಂಜಿ ಬೇಯಿಸ್ದೋಳು, ಅಕ್ಕೀಲಿ ಕಲ್ಲು ಆರ್ಸಿಲ್ವಾ?" ಅಂತ ಬಟ್ಲು ಬಗ್ಗಿಸಿ ನೋಡಿದ್ಲು. ತಳದಲ್ಲಿ ಕಂದು ಕಂದಾಗಿ ಸಾಲಾಗಿ ಕೂತಿದ್ವು.

"ಅಕ್ಕಿವಲ್ಲ ಕಣವ್ವ, ನಿನ್ನವೇ" ಅಂದ ಮರಿಸಾಮಿ. "ಪಾಪ, ಡಾಕ್ಟ್ರವ್ವ ಮರ್ತು ನನ್ನ ಕೈಲೇ ಕೊಟ್ಬುಟ್ರು. ಎಲ್ಲಿಂದ ತಗೊಂಡ್ರೋ ಅಲ್ಲೇ ಇಡಾನ ಅಂತ."

ದೊಡ್ಡತಾಯಮ್ಮ ಹೊಲಿಗೆ ಮೇಲೆ ಕೈ ಒತ್ತಿ ಹಿಡ್ಕೊಂಡು ಶುರು ಮಾಡಿದ್ಲು. ಪೆದ್ದಮುಂಡೇದೆ ಅಂದ್ಲು, ಅಡ್ಡಕಸಬಿ ಅಂದ್ಲು, ನಿನ್ನ ಹೆತ್ತ ಹೊಟ್ಟೆಗೆ ಕಲ್ಲು ಹಾಕ್ತೀಯಲ್ಲೋ ಅಂದ್ಲು. ಅವಳ ದನಿ ವಾರ್ಡು ದಾಟಿ, ವರಾಂಡ ದಾಟಿ, ಗೇಟಿನ ವಾಚ್‌ಮನ್ನಿಗೂ ಕೇಳಿಸ್ತು. ಮರಿಸಾಮಿ ಮಾತ್ರ ಕೈಕಟ್ಕೊಂಡು ನಿಂತು, ಬಾಯಿ ತುಂಬ ನಗ್ತಾ ಕೇಳ್ತಿದ್ದ. ಹೇಳೋಕೆ ಅವ್ವ ಇದ್ಲು.

"ಸರಿ ಕಣವ್ವ" ಅಂದ. "ಈಗೇನ್ಮಾಡ್ಲಿ, ಹೇಳು."

ನೀವು ಹೂಂಗುಟ್ಟಿದ್ದು ಸಾಕು, ಏಳಿ. ಆದ್ರೆ ಮನೇಲಿ ಗಂಜಿ ಕುಡಿಯೋ ಮುಂಚೆ ಬಟ್ಲ ತಳ ಒಂದ್ಸಲ ನೋಡ್ಕಳಿ.