ಗೋಲಿನ ಆಸೆ

"ಅಜ್ಜನವರೇ, ಮನಸ್ಸಿನೊಳಗೆ ಕುಳಿತಿರುವ ಆಸೆಯನ್ನು ಕೊಲ್ಲುವುದು ಹೇಗೆ?" ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಶಿಷ್ಯನ ಹೆಸರು ಚನ್ನಮಲ್ಲ. ಮಠಕ್ಕೆ ಬರುವ ಮೊದಲು ಅವನು ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದ. ಗಂಟಲಿಗೆ ಕಾಯಿಲೆ ಬಂದು ಹಾಡುವ ದನಿ ಹೋಯಿತು. ಈಗ ಮಠದ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕಲಿಸುತ್ತಿದ್ದ. ಆದರೆ ಮಕ್ಕಳ ಮುಂದೆ ನಿಂತಾಗಲೂ ಅವನ ಮನಸ್ಸು ರಂಗದ ಮೇಲೆಯೇ ಇರುತ್ತಿತ್ತು. ಆ ಆಸೆ ಸಾಯದೆ ತಾನು ಉದ್ಧಾರವಾಗುವುದಿಲ್ಲ ಎಂದು ಅವನು ನಂಬಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ, "ಒಬ್ಬ ಆಟಗಾರನ ಕತೆ ಹೇಳುತ್ತೇನೆ, ಕೇಳು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಹತ್ತಿಯ ಗಿರಣಿಯೊಂದಿತ್ತು. ಗಿರಣಿಗೆ ಒಂದು ಫುಟ್‌ಬಾಲ್ ತಂಡವಿತ್ತು. ಆ ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಆಡುವವನೊಬ್ಬನಿದ್ದ. ಎದುರಾಳಿಗಳ ನಡುವೆ ನುಗ್ಗಿ ಚೆಂಡನ್ನು ಗೋಲಿಗೆ ಹೊಡೆಯುವುದು ಅವನ ಕೆಲಸ. ಚಿಕ್ಕವನಿದ್ದಾಗ ಗಿರಣಿಯ ಗೋದಾಮಿನ ಹಿಂದಿನ ಗರಸು ನೆಲದಲ್ಲಿ, ಚಿಂದಿ ಬಟ್ಟೆ ಸುತ್ತಿ ಮಾಡಿದ ಚೆಂಡಿನಲ್ಲಿ, ಬರಿಗಾಲಲ್ಲಿ ಆಡಿ ಕಲಿತವನು. ಆಟ ನೋಡಿಯೇ ಗಿರಣಿಯವರು ಅವನಿಗೆ ಕೆಲಸ ಕೊಟ್ಟರು. ಮುಂದೆ ರಾಜ್ಯದ ತಂಡದಲ್ಲೂ ಆಡಿ ಬಂದ. ಪಂದ್ಯವಿದ್ದ ದಿನ ಪಾಳಿ ಮುಗಿಸಿದ ಕೆಲಸಗಾರರು ಮನೆಗೆ ಹೋಗದೆ, ತಲೆಯಲ್ಲಿ ಹತ್ತಿಯ ಎಳೆಗಳನ್ನು ಹೊತ್ತುಕೊಂಡೇ ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಕುಳಿತವರು ಎದ್ದು ನಿಲ್ಲುತ್ತಿದ್ದರು.

ಜಿಲ್ಲೆಯ ದೊಡ್ಡ ಪಂದ್ಯಾವಳಿಯಲ್ಲಿ ಗೆದ್ದವರಿಗೆ ಕೊಡುವ ಢಾಲು ಆ ಊರಿಗೆ ಒಮ್ಮೆಯೂ ಬಂದಿರಲಿಲ್ಲ. ಪ್ರತಿ ಸಲವೂ ಪಟ್ಟಣದ ತಂಡವೇ ಅದನ್ನು ಒಯ್ಯುತ್ತಿತ್ತು. ಆ ವರ್ಷ ಗಿರಣಿಯ ತಂಡ ಕೊನೆಯ ಪಂದ್ಯದವರೆಗೆ ಬಂದಿತು. ಈ ಸಲ ಢಾಲು ನಮ್ಮದೇ ಎಂದು ಊರಿಗೆ ಊರೇ ಹೇಳುತ್ತಿತ್ತು. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೆ ಅವನು ಚೆಂಡು ತೆಗೆದುಕೊಂಡು ಓಡಿದ. ಒಬ್ಬನನ್ನು ದಾಟಿದ. ಇನ್ನೊಬ್ಬನನ್ನು ದಾಟಲೆಂದು ಎಡಗಾಲೂರಿ ಮೈ ತಿರುಗಿಸಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮಂಡಿಯೊಳಗೆ ಏನೋ ಕಿತ್ತುಹೋದದ್ದು ಅವನಿಗೆ ತಿಳಿಯಿತು. ಅವನನ್ನು ಹೊತ್ತು ಹೊರಗೆ ತಂದರು. ಗಿರಣಿಯ ತಂಡ ಸೋತಿತು.

ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು, "ನಡೆಯುವುದಕ್ಕೆ ತೊಂದರೆಯಿಲ್ಲ. ಆಡುವುದು ಕಷ್ಟ" ಎಂದರು.

"ಕಷ್ಟವಾದರೆ ಪರವಾಗಿಲ್ಲ, ಡಾಕ್ಟರೇ" ಎಂದ ಆಟಗಾರ.

ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಎತ್ತಿಳಿಸಿದ. ಗಿರಣಿಯ ಕಾಲೋನಿಯ ನೀರಿನ ಟ್ಯಾಂಕಿನ ಮೆಟ್ಟಿಲುಗಳನ್ನು ಹತ್ತಿ ಇಳಿದ. ಮೊದಮೊದಲು ಕಂಬಿ ಹಿಡಿದು, ಆಮೇಲೆ ಕೈ ಬಿಟ್ಟು. ನೋವು ಬಂದರೆ ಅದು ಹೋಗುವವರೆಗೆ ಕುಳಿತು ಮತ್ತೆ ಏಳುತ್ತಿದ್ದ. ನೋಡಿದವರು ಪಾಪ ಎನ್ನುತ್ತಿದ್ದರು. ಆ ಮಾತು ಅವನನ್ನು ಮಂಡಿಗಿಂತ ಹೆಚ್ಚು ನೋಯಿಸುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಅವನು ಬೂಟು ಕಟ್ಟಿಕೊಂಡು ಮತ್ತೆ ಮೈದಾನಕ್ಕೆ ಇಳಿದ.

ಇಳಿದ ದಿನವೇ ಅವನಿಗೆ ಗೊತ್ತಾಯಿತು. ಚೆಂಡು ಎಲ್ಲಿ ಬೀಳುತ್ತದೆಂದು ಮನಸ್ಸಿಗೆ ಮೊದಲೇ ತಿಳಿಯುತ್ತಿತ್ತು. ಕಾಲು ಅಲ್ಲಿಗೆ ತಲುಪುವಷ್ಟರಲ್ಲಿ ಬೇರೆಯವರು ಅದನ್ನು ಒಯ್ದಿರುತ್ತಿದ್ದರು. ಅವನ ಜಾಗದಲ್ಲಿ ಆಗಲೇ ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಖಾತೆಯ ಯುವಕನೊಬ್ಬ ಆಡುತ್ತಿದ್ದ. ಚಿಗರೆಯಂಥ ಓಟ ಅವನದು.

ತಂಡದ ತರಬೇತುದಾರ ಹೆಚ್ಚು ಮಾತಿನವನಲ್ಲ. ಕೆಲವು ದಿನ ನೋಡಿ, ಆಟಗಾರನನ್ನು ಪಕ್ಕಕ್ಕೆ ಕರೆದ. "ನಿನ್ನಲ್ಲಿ ಆಟ ಇದೆ, ಓಟ ಹೋಗಿದೆ. ನಾಳೆಯಿಂದ ಹಿಂದೆ ನಿಲ್ಲು" ಎಂದ.

ಹಿಂದೆ ನಿಲ್ಲುವುದೆಂದರೆ ತನ್ನ ಗೋಲಿನ ಮುಂದೆ ಕಾವಲು ನಿಲ್ಲುವುದು. ಗೋಲು ಹೊಡೆಯುವುದಲ್ಲ, ಹೊಡೆಯಲು ಬಂದವನನ್ನು ತಡೆಯುವುದು. ಇಷ್ಟು ವರ್ಷ ಅವನು ಯಾರನ್ನು ದಾಟಿ ಹೆಸರು ಮಾಡಿದ್ದನೋ ಅಂಥವರ ಜಾಗ ಅದು.

ಆಟಗಾರ ಬೂಟು ಬಿಚ್ಚಿ ಮನೆಗೆ ನಡೆದ. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಅವನ ಹೆಂಡತಿ ಅದೇ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದಳು. ಪಾಳಿ ಮುಗಿಸಿ ಬಂದವಳು ಗಂಡ ಗೋಡೆಗೆ ಒರಗಿ ಕುಳಿತಿದ್ದನ್ನು ನೋಡಿದಳು.

"ಇವತ್ತೂ ಹೋಗಲಿಲ್ಲವೇ?" ಎಂದಳು.

"ಗೋಲು ಹೊಡೆಯದವನು ಮೈದಾನಕ್ಕೆ ಹೋಗಿ ಏನು ಮಾಡಬೇಕು?"

ಅವಳು ಸೆರಗಿಗೆ ಹತ್ತಿದ್ದ ನೂಲು ಬಿಡಿಸುತ್ತ, "ಇಷ್ಟು ವರ್ಷ ನಿಮ್ಮ ಹಿಂದೆ ನಿಂತವರು ಏನು ಮಾಡುತ್ತಿದ್ದರು?" ಎಂದಳು.

ಅವನಿಗೆ ಹಿಂದೆ ನಿಂತವರ ಮುಖಗಳು ನೆನಪಾದವು. ಅವರು ಏನು ಮಾಡುತ್ತಿದ್ದರೆಂದು ತಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ ಎಂಬುದೂ ನೆನಪಾಯಿತು. ಮರುದಿನ ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದ.

ಹೊಸ ಕೆಲಸ ಸುಲಭವಾಗಿ ಬರಲಿಲ್ಲ. ಚೆಂಡು ಕಂಡರೆ ಅವನ ಕಾಲು ತಾನಾಗಿಯೇ ಅದರ ಮೇಲೆ ಹಾರುತ್ತಿತ್ತು. ಕಾವಲುಗಾರ ಹಾರಬಾರದು, ಕಾಯಬೇಕು. ಬಣ್ಣದ ಖಾತೆಯ ಯುವಕ ಅಭ್ಯಾಸದಲ್ಲಿ ಅವನನ್ನು ಎಡಕ್ಕೆ ಹಾರಿಸಿ ಬಲಕ್ಕೆ ಹೋಗುತ್ತಿದ್ದ, ಬಲಕ್ಕೆ ಹಾರಿಸಿ ಎಡಕ್ಕೆ ಹೋಗುತ್ತಿದ್ದ. ಬೇಲಿಯ ಆಚೆ ನಿಂತವರು ನಗುತ್ತಿದ್ದರು. ಕೊನೆಗೆ ಯುವಕನಿಗೇ ನಾಚಿಕೆಯಾಯಿತು. "ಅಣ್ಣಾ, ಇವತ್ತಿಗೆ ಸಾಕು" ಎಂದ.

"ಇನ್ನೊಂದು ಸಲ ಬಾ" ಎಂದ ಆಟಗಾರ.

ಬಿದ್ದ, ಎದ್ದ, ಮತ್ತೆ ಬಾ ಎಂದ. ಮಳೆಗಾಲ ಹೋಗಿ ಚಳಿ ಬರುವ ಹೊತ್ತಿಗೆ ಅವನು ಬೀಳುವುದು ಕಡಿಮೆಯಾಯಿತು. ಆಮೇಲೆ ಇನ್ನೊಂದು ಮಾರ್ಪಾಟು ಕಂಡಿತು. ಯುವಕ ಯಾವ ಕಡೆಗೆ ಹೊರಳಿದರೂ ಆಟಗಾರ ಅಲ್ಲಿ ಮೊದಲೇ ಬಂದು ನಿಂತಿರುತ್ತಿದ್ದ. ಅವನು ಓಡಿದ್ದನ್ನು ಯಾರೂ ಕಾಣುತ್ತಿರಲಿಲ್ಲ. ಅದೃಷ್ಟ ಎಂದು ತಂಡದವರು ಅಂದುಕೊಂಡರು.

ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಆಟಗಾರ ಒಂದು ಕೆಲಸ ಮಾಡುತ್ತಿದ್ದ. ಚೆಂಡನ್ನು ಗೋಲಿನ ಮುಂದೆ ಇಟ್ಟು, ಹಿಂದೆ ಸರಿದು, ಎಡಗಾಲಿನಿಂದ ಬೀಸಿ ಹೊಡೆಯುತ್ತಿದ್ದ. ತಡೆಯುವವರಿಲ್ಲ, ನೋಡುವವರಿಲ್ಲ. ಬಲೆಯಿಂದ ಚೆಂಡು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದ.

ಗಿರಣಿಯ ತಂಡ ಮತ್ತೆ ಕೊನೆಯ ಪಂದ್ಯಕ್ಕೆ ಬಂದಿತು. ಎದುರಿಗೆ ಅದೇ ಪಟ್ಟಣದ ತಂಡ. ಮೊದಲರ್ಧದಲ್ಲಿ ಯುವಕ ಒಂದು ಗೋಲು ಹೊಡೆದ. ಅಲ್ಲಿಂದ ಮುಂದೆ ಪಟ್ಟಣದವರು ಅಲೆಯ ಮೇಲೆ ಅಲೆಯಾಗಿ ಏರಿಬಂದರು. ಆಟಗಾರನ ಮಂಡಿ ಊದಿಕೊಂಡಿತು. ತರಬೇತುದಾರ ಅಂಚಿನಿಂದಲೇ ಕೈಸನ್ನೆ ಮಾಡಿ, ಹೊರಗೆ ಬರುತ್ತೀಯಾ ಎಂದು ಕೇಳಿದ. ಅವನು ತಲೆಯಾಡಿಸಿ ಬೇಡವೆಂದ.

ಆಟ ಮುಗಿಯುವ ಹೊತ್ತಾಗಿತ್ತು. ಗಿರಣಿಯ ತಂಡಕ್ಕೆ ಎದುರಾಳಿಯ ಮೂಲೆಯಿಂದ ಹೊಡೆಯುವ ಅವಕಾಶ ಸಿಕ್ಕಿತು. ಅಂಥ ಹೊಡೆತ ಬಂದಾಗ ಎಲ್ಲರೂ ಎದುರಾಳಿಯ ಗೋಲಿನ ಮುಂದೆ ಸೇರುತ್ತಾರೆ. ಜನ ಆಟಗಾರನ ಹೆಸರು ಹಿಡಿದು ಕೂಗತೊಡಗಿದರು. ಇದೊಂದು ಸಲ ಮುಂದೆ ಹೋಗು ಎಂದರು. ಎಷ್ಟೋ ದಿನಗಳ ಮೇಲೆ ಅವನಿಗೆ ಆ ಕೂಗು ಕೇಳಿಸಿತ್ತು. ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು. ಆಮೇಲೆ ಅವನು ತಮ್ಮ ಗೋಲಿನ ಕಡೆ ತಿರುಗಿ ನೋಡಿದ. ಅಲ್ಲಿ ಗೋಲುಗಾವಲಿನವನೊಬ್ಬನೇ ಇದ್ದ. ಆಟಗಾರ ನಿಂತಲ್ಲೇ ನಿಂತ.

ಚೆಂಡು ಬಂತು. ಎದುರಾಳಿಯ ತಲೆಗೆ ಬಡಿದು ದೂರ ಹಾರಿತು. ಅದನ್ನು ಹಿಡಿದು ಪಟ್ಟಣದ ತಂಡದಲ್ಲಿ ಮುಂದೆ ನಿಂತು ಆಡುವವನು ಓಡಿ ಬಂದ. ಅವನಿಗೂ ಗೋಲುಗಾವಲಿನವನಿಗೂ ನಡುವೆ ಇದ್ದವನು ಆಟಗಾರನೊಬ್ಬನೇ. ಓಟದಲ್ಲಿ ಅವನಿಗೂ ಇವನಿಗೂ ಹೋಲಿಕೆಯಿರಲಿಲ್ಲ. ಆಟಗಾರ ಎದುರು ಹೋಗಲಿಲ್ಲ, ಬೆನ್ನಟ್ಟಲೂ ಇಲ್ಲ. ಯಾರೂ ಇಲ್ಲದ ಒಂದು ಕಡೆಗೆ ಕುಂಟುತ್ತ ನಾಲ್ಕು ಹೆಜ್ಜೆ ಸರಿದು ನಿಂತ. ನೋಡುತ್ತಿದ್ದವರಿಗೆ ಇವನ ಬುದ್ಧಿ ಕೆಟ್ಟಿತೆನಿಸಿತು. ಬಂದವನು ಬಲಕ್ಕೆ ಭುಜ ಬಾಗಿಸಿ, ಎಡಕ್ಕೆ ಹೊರಳಿ, ಗೋಲಿಗೆ ಹೊಡೆದ. ಚೆಂಡು ಆಟಗಾರ ನಿಂತ ಜಾಗಕ್ಕೇ ಬಂತು. ಅವನು ಅದನ್ನು ಎದೆಯ ಮೇಲೆ ತೆಗೆದುಕೊಂಡು, ಎಡಗಾಲಿನಿಂದ ಮೈದಾನದ ಆಚೆಗೆ ಒದ್ದ. ಪಂದ್ಯ ಮುಗಿದ ಸೀಟಿ ಕೇಳಿಸಿತು.

ಜನ ಒಳಗೆ ನುಗ್ಗಿ ಗೋಲು ಹೊಡೆದ ಯುವಕನನ್ನು ಹೆಗಲ ಮೇಲೆ ಹೊತ್ತರು. ಆಟಗಾರ ಬೆಂಚಿನ ಮೇಲೆ ಕುಳಿತು ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡ. ಹಳೆಯ ಅಭಿಮಾನಿಯೊಬ್ಬ ಹತ್ತಿರ ಬಂದು, "ನಿನ್ನ ಕಾಲು ಮೊದಲಿನ ಹಾಗಿದ್ದಿದ್ದರೆ ಇನ್ನೊಂದು ಗೋಲು ಬೀಳುತ್ತಿತ್ತು" ಎಂದು ಮರುಗಿದ.

"ಬೀಳುತ್ತಿತ್ತು" ಎಂದು ಆಟಗಾರ ಒಪ್ಪಿಕೊಂಡ. ಪಂದ್ಯ ನೋಡಲು ಬಂದಿದ್ದ ಹೆಂಡತಿಯ ತೋಳು ಹಿಡಿದು ಎದ್ದು, ಢಾಲು ನೋಡಲು ಹೋದ.

ಆಮೇಲೆಯೂ ಅವನು ಕೆಲವು ವರ್ಷ ಹಿಂದೆಯೇ ನಿಂತು ಆಡಿದ. ಅವನನ್ನು ದಾಟಿ ಗೋಲು ಹೊಡೆಯುವುದು ಸುತ್ತಲಿನ ತಂಡಗಳಿಗೆ ಬಲು ಕಷ್ಟವಾಯಿತು. ಆಡುವುದನ್ನು ಬಿಟ್ಟ ಮೇಲೆ ಅದೇ ಮೈದಾನದಲ್ಲಿ ಬೇರೆಯವರಿಗೆ ಕಲಿಸಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನಿಗೆ ಸಮಾಧಾನವಾಗಿತ್ತು.

"ತಿಳಿಯಿತು, ಅಜ್ಜನವರೇ" ಎಂದ. "ಗೋಲು ಹೊಡೆಯುವ ಆಸೆಯನ್ನು ಅವನು ಕೊಂದುಕೊಂಡ. ಅದಕ್ಕೇ ಕೊನೆಯ ಗಳಿಗೆಯಲ್ಲಿ ಹಿಂದೆ ನಿಲ್ಲುವುದು ಅವನಿಂದಾಯಿತು."

ಗುರುಗಳು ಎದ್ದು ಹೆಗಲಿನ ಶಾಲು ಸರಿಪಡಿಸಿಕೊಂಡರು.

"ಆ ಆಸೆ ಸತ್ತುಹೋಗಿದ್ದರೆ, ಹೊಡೆಯಲು ಬಂದವನು ಎತ್ತ ಹೊಡೆಯುತ್ತಾನೆಂದು ಅವನಿಗೆ ಹೇಳುವವರು ಯಾರಿದ್ದರು, ಚನ್ನಮಲ್ಲ?"