ಕೊನೆಯ ಸುತ್ತಿನ ಕೈ

‘ಮಾಮ, ಇವೆರಡರಲ್ಲಿ ಯಾವ ಮೌಸ್ ಇಟ್ಕೊಳ್ಲಿ?’ ಎಂದು ಶಿಷ್ಯೆ ಕೇಳಿದಳು.

ಶಿಷ್ಯೆ ಎಂದರೆ ನನ್ನ ಅಕ್ಕನ ಮಗಳು ಮೇದಿನಿ. ಗುರು ಎಂದರೆ ನಾನು. ನನ್ನನ್ನು ಈ ಪದವಿಗೆ ಏರಿಸಿದವನೂ ನಾನೇ. ಬೇರೆ ಯಾರಿಗೂ ಅಷ್ಟು ಯೋಗ್ಯತೆ ಇರಲಿಲ್ಲ. ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದ್ದರೆ ಅವರು ಇನ್ನೂ ನನ್ನೆದುರು ಬಂದಿಲ್ಲ. ಬನ್ನಿ ಎಂದು ನಾನೂ ಕರೆದಿಲ್ಲ.

ಮೇದಿನಿಯ ತಂಡ ಭಾನುವಾರ ಇದೇ ಆಟದ ಫೈನಲ್ ಆಡಬೇಕಿತ್ತು. ಸೆಮಿಫೈನಲ್‌ನಲ್ಲಿ ಒಂದು ಸುತ್ತು ಅವಳ ಕೈಯಿಂದ ಹೋಗಿತ್ತು. ತಂಡದವರೆಲ್ಲ ಸತ್ತು ಅವಳೊಬ್ಬಳೇ ಉಳಿದಿದ್ದಳು. ಎದುರಿಗೂ ಒಬ್ಬನೇ ಉಳಿದಿದ್ದ. ಗುರಿ ತಪ್ಪಿತು. ಪಂದ್ಯವನ್ನು ಹೇಗೋ ಗೆದ್ದರು. ಆದರೆ ನಾಯಕ ಜೋಯಲ್ ಅವಳ ಮುಖ ನೋಡದೆ ಹೇಳಿದ್ದ: ‘ಭಾನುವಾರದೊಳಗೆ ಕೈ ಸರಿ ಮಾಡ್ಕೋ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತೀನಿ.’

ಕೈ ಸರಿಯಾಗಿಯೇ ಇದೆ, ಮೌಸ್ ಜಾರಿತು ಎಂಬುದು ಮೇದಿನಿಯ ವಾದ. ಅದಕ್ಕೇ ಹೊಸದನ್ನು ತರಲು ಹೋಗಿದ್ದಳು. ಅಂಗಡಿಯವನು ಪರಿಚಯದವನು. ಎರಡನ್ನೂ ಒಯ್ದು ನೋಡು, ಬೇಡವಾದದ್ದನ್ನು ಸಂಜೆಯೊಳಗೆ ಹಿಂದಿರುಗಿಸು ಎಂದು ಕೊಟ್ಟು ಕಳಿಸಿದ್ದ. ಎರಡೂ ಈಗ ನನ್ನ ಮೇಜಿನ ಮೇಲಿದ್ದವು. ಒಂದು ಕಪ್ಪು, ದೊಡ್ಡದು, ಬೆನ್ನು ಉಬ್ಬಿದ್ದು. ಇನ್ನೊಂದು ಬಿಳಿ, ಗಿಡ್ಡದು, ಹಗುರ, ಮೈತುಂಬ ತೂತು.

‘ಕಪ್ಪುದು ಬೆಣ್ಣೆ ಮಾಮ. ಅಂಗೈ ಪೂರ್ತಿ ಕೂತ್ಕೊಳ್ಳುತ್ತೆ. ಬಿಳೀದರಲ್ಲಿ ಅಂಗೈಗೆ ಜಾಗಾನೇ ಇಲ್ಲ. ಬೆರಳು ಮಡಚ್ಕೊಂಡು ತುದೀಲಿ ಹಿಡೀಬೇಕು.’

‘ಮತ್ತೇನು, ಕಪ್ಪುದನ್ನೇ ಇಟ್ಕೋ. ನನ್ನನ್ನ ಯಾಕೆ ಕೇಳ್ತೀ?’

ಅವಳು ಮತ್ತೆ ಕಪ್ಪುದರ ಮೇಲೆ ಕೈಯಿಟ್ಟಳು. ಆಮೇಲೆ ಹೇಳಿದಳು: ‘ಹಳೇದನ್ನ ತಗೊಂಡಾಗ್ಲೂ ಬೆಣ್ಣೆ ಅಂತಾನೇ ಅಂದಿದ್ದೆ.’

ಒಳ್ಳೆಯ ಅನುಮಾನ ಅದು. ಅಂಥ ಅನುಮಾನ ಪಡುವ ಬುದ್ಧಿ ಅವಳಿಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ; ಸೋದರಮಾವನ ಕಡೆಯಿಂದ. ಅವಳ ಬಲಗೈ ಕಪ್ಪು ಮೌಸಿನ ಮೇಲೆ, ಬಿಸಿಲಿಗೆ ಮಲಗಿದ ಬೆಕ್ಕಿನಂತೆ ಒರಗಿತ್ತು.

‘ಕೈ ಅಲ್ಲೇ ಇರಲಿ, ಒಂದು ಕತೆ ಕೇಳು,’ ಎಂದೆ.

ಒಬ್ಬ ಆಟಗಾರನಿದ್ದ. ಭಾರಿ ಗುರಿಕಾರ. ಅವನು ಗುಂಡು ಹಾರಿಸಿದರೆ, ಗುಂಡು ತಲುಪುವ ಮೊದಲೇ ಎದುರಾಳಿ ಬಿದ್ದಿರುತ್ತಿದ್ದ.

‘ನಿನ್ನಷ್ಟಾ ಮಾಮ?’

‘ಛೆ, ನನ್ನಷ್ಟಲ್ಲ. ನಾನು ಲಾಗಿನ್ ಆದರೇ ಬೀಳುತ್ತಿದ್ದರು. ನಡುವೆ ಬಾಯಿ ಹಾಕಬೇಡ.’

ಆ ಆಟಗಾರನಿಗೆ ಒಂದೇ ಒಂದು ಕೊರತೆ ಇತ್ತು. ಎಲ್ಲ ಸುತ್ತುಗಳನ್ನೂ ಚೆನ್ನಾಗಿ ಆಡುತ್ತಿದ್ದ. ಎರಡೂ ಕಡೆ ಒಬ್ಬೊಬ್ಬರೇ ಉಳಿದರೆ ಮಾತ್ರ ತಪ್ಪುತ್ತಿದ್ದ. ಕೈಯ ಮೇಲೆ ಅವನಿಗೆ ಅನುಮಾನವಿರಲಿಲ್ಲ. ಆದ್ದರಿಂದ ಒಬ್ಬ ವ್ಯಾಪಾರಿಯ ಅಂಗಡಿಗೆ ಹೋದ.

ವ್ಯಾಪಾರಿ ಮೌಸುಗಳನ್ನೆಲ್ಲ ಹರಡಿದ. ಒಂದು ಎಷ್ಟು ಹಗುರವೆಂದರೆ, ಫ್ಯಾನ್ ಗಾಳಿಗೆ ಹಾರಿಹೋಗದಿರಲಿ ಎಂದು ಅದರ ಮೇಲೆ ಪೇಪರ್‌ವೇಟ್ ಇಟ್ಟಿದ್ದ. ಒಂದಕ್ಕೆ ಹಾರ್ಮೋನಿಯಮ್ಮಿಗೆ ಇರುವಷ್ಟು ಬಟನ್‌ಗಳಿದ್ದವು. ಇನ್ನೊಂದರ ವೇಗ ಹೇಗಿತ್ತೆಂದರೆ, ಇಲ್ಲಿ ಕೂದಲೆಳೆಯಷ್ಟು ಸರಿಸಿದರೆ ಬಾಣದ ಗುರುತು ಪರದೆ ದಾಟಿ ಪಕ್ಕದ ಮನೆಯ ಟಿವಿಯಲ್ಲಿ ಕಾಣಿಸುತ್ತಿತ್ತು.

‘ಮಾಮ!’

‘ಪಕ್ಕದ ಮನೆಯವರು ದೂರು ಕೊಟ್ಟಿದ್ದರಮ್ಮ. ಕೇಳು.’

ಆಟಗಾರ ಒಂದೊಂದನ್ನೂ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಸುತ್ತ ಆಡಿಸಿ ನೋಡಿದ. ಒಂದು ಬೆಣ್ಣೆಯಂತೆ ಕೂತಿತು. ಅದನ್ನು ಒಯ್ದ. ಅದರ ಪಕ್ಕದಲ್ಲಿ, ಹೆಬ್ಬೆರಳಿನ ಕೆಳಗೆ, ಒಂದು ಬಟನ್ ಇತ್ತು. ಒತ್ತಿದರೆ ಬಂದೂಕು ಹೋಗಿ ಚಾಕು ಬರುವ ಹಾಗೆ ಅದನ್ನು ಹೊಂದಿಸಿಕೊಂಡ. ಪಂದ್ಯ ನಡೆಯಿತು. ಕೊನೆಗೆ ಒಬ್ಬೊಬ್ಬರೇ ಉಳಿದರು. ಎದುರಾಳಿ ಮೂಲೆ ತಿರುಗಿ ಬಂದ. ಆಟಗಾರನ ಕೈ ಬಿಗಿಯಿತು, ಹೆಬ್ಬೆರಳು ತಾನಾಗಿ ಒತ್ತಿತು. ಅವನು ಬಂದೂಕು ಹಿಡಿದು ನಿಂತಿದ್ದಾನೆ, ಇವನು ತರಕಾರಿ ಹೆಚ್ಚಲು ಹೊರಟವನ ಹಾಗೆ ಚಾಕು ಹಿಡಿದು ನಿಂತಿದ್ದಾನೆ.

ಮತ್ತೆ ಅಂಗಡಿಗೆ ಹೋದ. ಪಕ್ಕದಲ್ಲಿ ಬಟನ್ನೇ ಇಲ್ಲದ, ಅಂಗೈ ತುಂಬುವ ಇನ್ನೊಂದನ್ನು ಆರಿಸಿದ. ಅದೂ ಬೆಣ್ಣೆ. ಪಂದ್ಯದಲ್ಲಿ ಮತ್ತೆ ಒಬ್ಬೊಬ್ಬರೇ ಉಳಿದರು. ಈ ಸಲ ಅಂಗೈ ಮೇಲೆದ್ದುಬಿಟ್ಟಿತು. ದಪ್ಪ ಮೌಸು ಬೆರಳ ತುದಿಗಳಿಗೆ ಸಿಗದೆ ಓರೆಯಾಯಿತು. ಗುಂಡು ಚಾವಣಿಗೆ ಹೋಯಿತು. ಎದುರಾಳಿ ಮೇಲೆ ಒಮ್ಮೆ ನೋಡಿ, ಆಮೇಲೆ ನಿಧಾನವಾಗಿ ಇವನನ್ನು ಹೊಡೆದ.

ಆಟಗಾರ ಸಿಟ್ಟಿನಿಂದ ಅಂಗಡಿಗೆ ಬಂದ. ‘ನಿನ್ನ ಮೌಸುಗಳೆಲ್ಲ ಮೋಸ!’

ವ್ಯಾಪಾರಿ ನೊಂದುಕೊಂಡು ಹೇಳಿದ: ‘ಬೆಣ್ಣೆ ಅಂದವರು ತಾವೇ ಅಲ್ಲವೇ ಸ್ವಾಮಿ?’

‘ಇಲ್ಲಿ ಬೆಣ್ಣೆಯೇ. ಅಲ್ಲಿ ಕೊನೆಯ ಗಳಿಗೆಯಲ್ಲಿ ನನ್ನ ಕೈ ಹೋಗಿ ಬೇರೆ ಯಾರದೋ ಕೈ ಬಂದು ಕೂತಿರುತ್ತದೆ.’

‘ಹಾಗಿದ್ದರೆ ಮುಂದಿನ ಸಲ ಆ ಕೈಯನ್ನೂ ಜೊತೆಗೆ ಕರೆದುಕೊಂಡು ಬನ್ನಿ,’ ಎಂದ ವ್ಯಾಪಾರಿ.

ವ್ಯಾಪಾರಿ ಹೇಳಿದ್ದು ತಮಾಷೆಗೆ. ಆದರೆ ಆಟಗಾರನಿಗೆ ಆ ಮಾತು ತಲೆಯಲ್ಲಿ ಕೂತಿತು. ಕರೆತರುವುದು ಹೇಗೆ? ಮೆಟ್ಟಿಲು ಹತ್ತಿ ಓಡಿ ಬಂದು ಮೌಸ್ ಹಿಡಿದ. ಏದುಸಿರು ಬಂತು, ಆ ಕೈ ಬರಲಿಲ್ಲ. ಬೈಯಿ ಎಂದು ವ್ಯಾಪಾರಿಗೆ ಹೇಳಿದ. ವ್ಯಾಪಾರಿ ಚೆನ್ನಾಗಿಯೇ ಬೈದ, ಆದರೆ ಇಬ್ಬರಿಗೂ ನಗು ಬಂತು. ಕೊನೆಗೆ ತನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು ಕರೆತಂದು ಬೆನ್ನ ಹಿಂದೆ ನಿಲ್ಲಿಸಿಕೊಂಡ. ಮೈಯೆಲ್ಲ ನಡುಗಿತು, ಆದರೆ ಕೈ ಜೇಬಿನೊಳಗೆ ಹೋಗಿ ಅಡಗಿಕೊಂಡು ಹೊರಗೆ ಬರಲೇ ಇಲ್ಲ.

ಮೇದಿನಿ ನಕ್ಕಳು. ನಗು ನಿಂತ ಮೇಲೆ ಕೇಳಿದಳು: ‘ನಿಜವಾಗ್ಲೂ, ಹೇಗೆ ಕರ್ಕೊಂಡು ಬರೋದು ಮಾಮ?’

‘ಅದನ್ನೇ ಹೇಳುತ್ತಿದ್ದೇನೆ.’

ಅಷ್ಟರಲ್ಲಿ ಫೈನಲ್ ಬಂತು. ಇದನ್ನು ಸೋತರೆ ತಂಡದಲ್ಲಿ ಅವನಿಗೆ ಜಾಗವಿಲ್ಲ ಎಂದು ನಾಯಕ ಮೊದಲೇ ಹೇಳಿದ್ದ. ಎರಡೂ ತಂಡ ಸಮಸಮ. ಉಳಿದದ್ದು ಒಂದೇ ಸುತ್ತು. ಅವನ ಕಡೆಯವರು ಒಬ್ಬೊಬ್ಬರಾಗಿ ಬಿದ್ದರು. ಅವನೊಬ್ಬನೇ ಉಳಿದ. ಆ ಕಡೆಯೂ ಒಬ್ಬ ಉಳಿದ. ಸತ್ತ ಜೊತೆಗಾರರೆಲ್ಲ ಈಗ ಅವನ ಪರದೆಯನ್ನೇ ನೋಡುತ್ತಿದ್ದಾರೆ. ಯಾರೂ ಮಾತಾಡುತ್ತಿಲ್ಲ.

ಅವನು ಒಂದು ಖಾಲಿ ಗೋದಾಮಿನಲ್ಲಿದ್ದ. ಎದುರಿಗೆ ಒಂದೇ ಬಾಗಿಲು. ಅದು ಅರ್ಧ ತೆರೆದಿತ್ತು. ಗುರಿಯನ್ನು ಬಾಗಿಲ ಅಂಚಿಗೆ ಹಿಡಿದು ನಿಂತ.

ಹೆಡ್‌ಫೋನಿನಲ್ಲಿ ಹೆಜ್ಜೆ ಸದ್ದು ಕೇಳಿಸಿತು. ಎಡಗಡೆಯಿಂದ ಬರುತ್ತಿತ್ತು. ಹತ್ತಿರವಾಯಿತು. ಬಾಗಿಲ ಹಿಂದೆ ಬಂದು ನಿಂತಿತು.

ಇವನು ಉಸಿರು ಹಿಡಿದ. ಏನೂ ಅಲುಗಲಿಲ್ಲ. ಬಾಗಿಲ ಸಂದಿನಲ್ಲಿ ಒಂದು ನೆರಳು ಕಂಡಿತು. ನೆರಳೋ, ಮನುಷ್ಯನೋ ಗೊತ್ತಾಗಲಿಲ್ಲ. ಈಗ ಹೊಡೆದು ತಪ್ಪಿದರೆ ತಾನಿರುವ ಜಾಗ ತಿಳಿದುಹೋಗುತ್ತದೆ. ಹೊಡೆಯದಿದ್ದರೆ ಅವನು ಮೊದಲು ಹೊಡೆಯುತ್ತಾನೆ.

ನೆರಳು ಅಲುಗಿತು.

ನಾನು ಅಲ್ಲಿಗೆ ನಿಲ್ಲಿಸಿದೆ. ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದೆ. ತಣ್ಣಗಾಗಿತ್ತು.

‘ಆಮೇಲೆ?’ ಎಂದಳು ಮೇದಿನಿ.

ನಾನು ಲೋಟ ಕೆಳಗಿಟ್ಟೆ.

‘ಮಾಮ, ಹೊಡೆದನಾ ಇಲ್ವಾ? ಹೇಳು!’

ನಾನು ಮೇಜಿನ ಕಡೆ ನೋಡುತ್ತಿದ್ದೆ. ಕಪ್ಪು ಮೌಸಿನ ಮೇಲೆ ಮಲಗಿದ್ದ ಬೆಕ್ಕು ಎದ್ದಿತ್ತು. ಅವಳ ಅಂಗೈ ಉಬ್ಬಿದ ಬೆನ್ನನ್ನು ಬಿಟ್ಟು ಮೇಲಕ್ಕೆ ನಿಂತಿತ್ತು. ಬೆರಳುಗಳು ಮಡಚಿಕೊಂಡಿದ್ದವು, ತುದಿಗಳಷ್ಟೇ ಮೌಸನ್ನು ಕಚ್ಚಿ ಹಿಡಿದಿದ್ದವು. ಉಗುರುಗಳು ಬೆಳ್ಳಗಾಗಿದ್ದವು.

‘ಕೈ ತೆಗೀಬೇಡ ಪುಟ್ಟೀ, ಆ ಕೈ ಬಂದಿದೆ ನೋಡು,’ ಎಂದೆ.

ಅವಳು ನೋಡಿದಳು. ಬೆರಳು ಬಿಡಿಸದೆ, ಕೈಯನ್ನು ಹಾಗೆಯೇ ಎತ್ತಿ, ಬಿಳಿಯದರ ಮೇಲೆ ಇಳಿಸಿದಳು.